ಸುಕ್ಕಿಲ್ಲದ ಬ್ಯಾಡಗಿ ಮೆಣಸಿನಕಾಯಿ

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಬ್ಯಾಡಗಿಯ ಒಂದು ಗೋದಾಮಿನಲ್ಲಿ ಕೈಯಲ್ಲೊಂದು ಕಾಗದ ಹಿಡಿದು ನಿಂತಿದ್ದೆ. ಸುತ್ತ ಕೆಂಪು ರಾಶಿ, ಮೂಗಿಗೆ ಅಡರುವ ಘಾಟು. ಸೆರಗನ್ನು ಮೂಗಿನ ಮೇಲೆ ಬಿಗಿದುಕೊಂಡು ಹತ್ತು ಹನ್ನೆರಡು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತಿದ್ದರು. ನನ್ನ ಕೈಯಲ್ಲಿದ್ದದ್ದು ಖಾರದ ಪುಡಿಯ ರಟ್ಟಿನ ಡಬ್ಬಿಗೆಂದು ನಾನೇ ಮಾಡಿದ ಚಿತ್ರ. ಊರ ಕಡೆಯ ಕೆಲವು ರೈತರು ಕೂಡಿ ಪುಡಿ ಮಾಡಿ ಮಾರಬೇಕೆಂದಿದ್ದರು. ಅಹಮದಾಬಾದಿನಲ್ಲಿ ಹದಿನಾರು ವರ್ಷಗಳಿಂದ ಇದೇ ಕೆಲಸ ಮಾಡುವ ನಮ್ಮ ಹುಡುಗ ಇದ್ದಾನೆ, ಅವನ ಕಡೆಯಿಂದಲೇ ಮಾಡಿಸೋಣ ಅಂತ ನನಗೆ ಒಪ್ಪಿಸಿದ್ದರು.

ಮೂರು ವಾರ ಕೂತು ಮಾಡಿದ್ದೆ. ಎಳೆ ಬಿಸಿಲು, ಹಸಿರು ಬಳೆ ತೊಟ್ಟ ತಾಯಿಯ ಕೈ, ಆ ಕೈಯ ಕಡೆ ನೋಡುವ ಪುಟ್ಟ ಹುಡುಗಿ, ಕೆಳಗೆ ಮಿರಮಿರ ಮಿಂಚುವ ನಾಲ್ಕು ಕೆಂಪು ಮೆಣಸಿನಕಾಯಿ. ಅಹಮದಾಬಾದಿನ ನಮ್ಮ ಆಫೀಸಿನಲ್ಲಿ ಎಲ್ಲರೂ ಮೆಚ್ಚಿದ್ದರು. ತವರು ಬಿಟ್ಟು ಬಂದ ಒಬ್ಬ ಹುಡುಗಿಗಂತೂ ಕಣ್ಣು ತುಂಬಿಬಂದಿತ್ತು. ಆ ಧೈರ್ಯದಲ್ಲೇ ತಂದಿದ್ದೆ.

ಸಾಲಿನ ಕಡೆಗಿದ್ದ ಹಿರಿಯ ಹೆಂಗಸು ಕೈಯನ್ನು ಸೀರೆಗೆ ಒರೆಸಿಕೊಂಡು ಕಾಗದ ಇಸಿದುಕೊಂಡರು. ದೂರ ಹಿಡಿದು ನೋಡಿದರು.

"ಇದು ಎಲ್ಲಿ ಕಾಯಿ ತಮ್ಮಾ?"

"ಇಲ್ಲೀದ ರೀ ಅವ್ವಾರ. ಬ್ಯಾಡಗೀದು."

"ಇಲ್ಲೀದಲ್ಲ ಬಿಡು. ನಮ್ಮ ಕಾಯಿಗೆ ಸುಕ್ಕ ಇರ್ತಾವು. ಸುಕ್ಕ ಇಲ್ಲದ್ದು ಬ್ಯಾಡಗಿ ಹೆಂಗಾದೀತು?"

ಪಕ್ಕದಾಕೆ ಬಗ್ಗಿ ನೋಡಿ ಬೆರಳಿಟ್ಟು ತೋರಿಸಿದಳು: "ಆ ಕೈ ನೋಡ್ರಿ ಯವ್ವಾ. ಎಂದರ ಖಾರ ಕುಟ್ಟಿದ ಕೈ ಏನು ಅದು?"

ಬಿಸಿಲಿನ ಬಗ್ಗೆ, ಹುಡುಗಿಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಕಾಗದ ವಾಪಸು ನನ್ನ ಕೈಗೆ ಬಂತು, ಅವರು ಮತ್ತೆ ತೊಟ್ಟು ಬಿಡಿಸತೊಡಗಿದರು. ಮೂರು ವಾರ ನಾನು ಕಟ್ಟಿದ ಭಾವನೆಯೆಲ್ಲ ಅವರ ಪಕ್ಕದಲ್ಲಿ ಹಾದುಹೋಗಿತ್ತು. ಅವರು ನೋಡಿದ್ದು ಎರಡೇ: ಕಾಯಿ ಮತ್ತು ಕೈ. ಅವರ ಬಾಳು ಇರುವುದು ಅವೆರಡರಲ್ಲಿ. ಆ ಎರಡೂ ಸುಳ್ಳಾಗಿದ್ದವು.

ಬ್ಯಾಡಗಿ ಮೆಣಸಿನಕಾಯಿಯ ಗುರುತೇ ಸುಕ್ಕು. ಉದ್ದಕ್ಕೆ ತೆಳ್ಳಗಿರುವ ಕಡ್ಡಿ ಕಾಯಿಯಾಗಲಿ, ಗಿಡ್ಡಕ್ಕೆ ತೋರವಾಗಿರುವ ಡಬ್ಬಿ ಕಾಯಿಯಾಗಲಿ, ಒಣಗಿದ ಮೇಲೆ ಮೈತುಂಬ ನೆರಿಗೆ. ಬಣ್ಣ ಗಾಢ, ಖಾರ ಕಡಿಮೆ. ಆ ಬಣ್ಣಕ್ಕಾಗಿಯೇ ದೇಶದ ಮೂಲೆಮೂಲೆಯಿಂದ ವ್ಯಾಪಾರಿಗಳು ಬರುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ನಾನು ಹಾಕಿದ್ದು ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟು ಇಳಿಸಿಕೊಂಡ ಫೋಟೋ. ಅದು ಯಾವ ದೇಶದ ಕಾಯಿಯೋ. ಉಣ್ಣುವಾಗ ದಿನಾ ನೋಡಿದ ಕಾಯಿಯನ್ನು ಬರೆಯುವಾಗ ಮರೆತಿದ್ದೆ, ಅದು ಇವತ್ತಿಗೂ ನೋಯಿಸುತ್ತದೆ. ಅಂದಿನಿಂದ ಎರಡು ಊರಿನ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ: ಚಿತ್ರದಿಂದ ಜನರ ಮನಸ್ಸು ಮುಟ್ಟಲು ಅಹಮದಾಬಾದು ಹಿಡಿಯುವ ದಾರಿ ಒಂದು, ನಮ್ಮ ಗದಗ, ಹಾವೇರಿ, ಧಾರವಾಡದ ಜನ ತಲೆಮಾರುಗಳಿಂದ ಹಿಡಿದ ದಾರಿ ಇನ್ನೊಂದು.

ನಾನು ಬೆಟಗೇರಿಯವನು. ಗದಗ ಬೆಟಗೇರಿ ಅಂದರೆ ಹೊರಗಿನವರಿಗೆ ವೀರನಾರಾಯಣ ಗುಡಿ, ಕುಮಾರವ್ಯಾಸ, ಪುಟ್ಟರಾಜ ಗವಾಯಿಗಳ ಆಶ್ರಮ ನೆನಪಾಗುತ್ತವೆ. ನಮಗೆ ಅದು ಮುದ್ರಣ ಕಾಶಿ. ಲಗ್ನಪತ್ರಿಕೆ, ರಸೀದಿ ಪುಸ್ತಕ, ಶಾಲೆಯ ನೋಟುಬುಕ್ಕು, ಕ್ಯಾಲೆಂಡರು, ಏನು ಬೇಕಾದರೂ ಸುತ್ತಲಿನ ಊರುಗಳವರು ಗದಗಿಗೆ ಬರುತ್ತಿದ್ದರು. ನಮ್ಮಪ್ಪ ಒಂದು ಪ್ರೆಸ್ಸಿನಲ್ಲಿ ಮೊದಲು ಮೊಳೆ ಜೋಡಿಸುತ್ತಿದ್ದ, ಆಮೇಲೆ ಆಫ್‌ಸೆಟ್ ಬಂದಾಗ ಮಷೀನಿಗೆ ಹೋದ. ಅಚ್ಚಿನ ಅಕ್ಷರಕ್ಕೂ ಮೊಳೆ, ಗೋಡೆಗೆ ಹೊಡೆಯುವುದಕ್ಕೂ ಮೊಳೆ. ಅಪ್ಪ ಅಚ್ಚಿನ ಮೊಳೆಯಿಂದ ಮಾಡಿದ ಕ್ಯಾಲೆಂಡರು ಮನೆಯಲ್ಲಿ ಅವ್ವ ಹೊಡೆದ ಮೊಳೆಗೆ ತೂಗುತ್ತಿತ್ತು.

ಕ್ಯಾಲೆಂಡರಿನ ಸೀಜನ್ನು ದಸರೆಯಿಂದಲೇ ಶುರು. ಅಪ್ಪನ ಮಷೀನಿನಲ್ಲಿ ಒಂದು ಸಲಕ್ಕೆ ಒಂದೇ ಬಣ್ಣ ಓಡುತ್ತಿತ್ತು. ಮೊದಲು ಹಳದಿ. ಆ ಹಾಳೆ ನೋಡಿದರೆ ಅರಿಸಿನ ನೀರು ಚೆಲ್ಲಿದಂತೆ ಇರುತ್ತಿತ್ತು, ಅಲ್ಲೊಂದು ದೇವಿ ಇದ್ದಾಳೆ ಅಂತ ಹೇಳಿದರಷ್ಟೇ ತಿಳಿಯುವುದು. ಒಣಗಿದ ಮೇಲೆ ಕೆಂಪು ಓಡಿದಾಗ ತುಟಿ, ಸೀರೆ, ತಾವರೆ ಕಾಣುತ್ತಿದ್ದವು. ನೀಲಿ ಬಿದ್ದ ಕೂಡಲೇ ಎಲೆ ಹಸಿರಾಗಿ, ಹಿಂದೆ ಆಕಾಶ ಹುಟ್ಟುತ್ತಿತ್ತು. ಅಷ್ಟಾದರೂ ದೇವಿಗೆ ಕಣ್ಣಿಲ್ಲ. ಕಣ್ಣು ಬರುವುದು ಕಟ್ಟಕಡೆಯ ಕರಿಯಲ್ಲಿ. ಕರಿ ಓಡಿಸುವ ದಿನ ಅಪ್ಪ ಮಷೀನನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ. "ಇವತ್ತ ಕಣ್ಣ ಬಿಡಸೋ ದಿನ" ಅನ್ನುತ್ತಿದ್ದ. ಶಿಲ್ಪಿ ಮೂರ್ತಿಗೆ ಕಡೆಯಲ್ಲಿ ಕಣ್ಣು ತೆರೆಸುತ್ತಾನಲ್ಲ, ಅಪ್ಪನಿಗೆ ಅದೇ ಇದು. ಒಂದು ಬಣ್ಣ ಎಳೆಯಷ್ಟು ಸರಿದರೂ ದೇವಿಯ ಕಣ್ಣು ಹುಬ್ಬಿನ ಮೇಲೆ ಕೂರುತ್ತದೆ. "ರಿಜಿಸ್ಟರ್ ಹೋತು" ಅಂತ ಅಪ್ಪ ಮಷೀನು ನಿಲ್ಲಿಸಿ, ಅಷ್ಟೂ ಹಾಳೆಯನ್ನು ಮುಖ ಗಂಟಿಕ್ಕಿಕೊಂಡು ಬೇರೆ ಇಡುತ್ತಿದ್ದ. ಕಣ್ಣು ತಪ್ಪಿದ ದೇವಿಯನ್ನು ಯಾರ ಮನೆಗೂ ಕಳಿಸಬಾರದು ಅನ್ನುವುದು ಅವನ ನೇಮ.

ಮನೆಯಲ್ಲಿ ಆ ಕ್ಯಾಲೆಂಡರಿನ ಬಾಳುವೆಯೇ ಬೇರೆ. ಮೇಲೆ ಲಕ್ಷ್ಮಿ, ನಡುವೆ ಕಿರಾಣಿ ಅಂಗಡಿಯ ಹೆಸರು, ಕೆಳಗೆ ತಾರೀಕು. ಅವ್ವ ಹಾಲಿನ ಲೆಕ್ಕಕ್ಕೆ ಗೆರೆ ಎಳೆಯುವುದು ಅದರ ಮೇಲೆ, ಸಿಲಿಂಡರು ಬಂದ ದಿನಕ್ಕೆ ಸುತ್ತು ಹಾಕುವುದು ಅದರ ಮೇಲೆ, ಚೀಟಿ ಹಣ ಕಟ್ಟುವ ದಿನ, ಅಮಾಸಿ, ಹುಣ್ಣಿವಿ, ನನ್ನ ತಂಗಿಗೆ ಸೂಜಿ ಹಾಕಿಸಿದ ದಿನ. ವರ್ಷ ಮುಗಿಯುವ ಹೊತ್ತಿಗೆ ಆ ಹಾಳೆ ನಮ್ಮ ಮನೆಯ ವರ್ಷದ ಕಥೆ ಆಗಿರುತ್ತಿತ್ತು. ಅದಕ್ಕೇ ಅದನ್ನು ಎಸೆಯುವುದು ಸಾಧ್ಯವೇ ಇರಲಿಲ್ಲ. ಕೆಳಗಿನ ತಾರೀಕು ಕತ್ತರಿಸಿ ಚಿತ್ರವನ್ನು ಜಗಲಿಯ ಗೋಡೆಗೆ ಅಂಟಿಸಿಬಿಡುತ್ತಿದ್ದಳು. ಆ ಕಿರಾಣಿ ಅಂಗಡಿಯವರು "ನಿಮ್ಮ ಬಾಳಿನ ಭಾಗ ನಾವು" ಅಂತ ಎಲ್ಲೂ ಬರೆಸಿರಲಿಲ್ಲ. ಬರೆಸದೆಯೇ ಆಗಿದ್ದರು.

ಅಹಮದಾಬಾದಿನಲ್ಲಿ ನಮ್ಮ ಕೆಲಸ ಶುರುವಾಗುವುದು ಗೋಡೆಗೆ ಹಳದಿ ಚೀಟಿ ಅಂಟಿಸುವುದರಿಂದ. ಕೊಳ್ಳುವವಳು ಯಾರು? ಅವಳಿಗೊಂದು ಹೆಸರು, ವಯಸ್ಸು, ಸಂಬಳ, ಅವಳಿಗೆ ಇರುವ ಆಸೆ, ಅವಳನ್ನು ಕಾಡುವ ಚಿಂತೆ. ಹೀಗೆ ಒಬ್ಬಳನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಆಮೇಲೆ ಅವಳಿಗೊಂದು ಕಥೆ: ಒಂದು ಕೊರತೆ, ಒಂದಿಷ್ಟು ತೊಳಲಾಟ, ಕಡೆಗೆ ನಮ್ಮ ಸಾಮಾನು ಬಂದು ಸುಖ. ಫೋನಿನ ಮೇಲೆ ಬೆರಳು ಮುಂದಕ್ಕೆ ಸರಿಯುವ ಮೊದಲೇ ಮನಸ್ಸು ಕರಗಿಸಬೇಕು. ಕೆಲಸ ಕೊಡುವವರು ಮೊದಲ ದಿನವೇ ಕೇಳುವ ಮಾತು "ಇಮೋಷನಲ್ ಕನೆಕ್ಟ್" ಎಲ್ಲಿದೆ ಅಂತ. ಈ ದಾರಿಯನ್ನು ಹೀಗಳೆಯಲು ನಾನು ಇದನ್ನು ಬರೆಯುತ್ತಿಲ್ಲ. ಬರೆಯುವ ಮೊದಲು ಕೇಳು, ನಿನಗೆ ಚಂದ ಕಂಡದ್ದು ಅವರಿಗೆ ಚಂದ ಕಾಣಬೇಕೆಂದಿಲ್ಲ ಅಂತ ಕಲಿಸಿದ್ದು ಈ ಊರೇ. 1958ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ವರದಿ ಕೊಟ್ಟರು. ಅದರ ಬೆನ್ನಿಗೆ 1961ರಲ್ಲಿ ಇಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಕೊಂಡಾಡಿದ್ದು ನಮ್ಮ ತಂಬಿಗೆಯನ್ನು. ತಂಬಿಗೆಯನ್ನು ಯಾರೋ ಒಬ್ಬರು ಕೂತು ಮಾಡಿದ್ದಲ್ಲ, ಎಷ್ಟೋ ತಲೆಮಾರಿನ ಕೈಗಳು ಸೊಂಟಕ್ಕೆ, ತಲೆಗೆ, ಬಾವಿಯ ಹಗ್ಗಕ್ಕೆ ಹೊಂದಿಸಿಕೊಳ್ಳುತ್ತ ರೂಪ ಕೊಟ್ಟದ್ದು ಅನ್ನುವ ಅರ್ಥದ ಮಾತು ಅಲ್ಲಿದೆ. ನನ್ನ ಕೆಲಸದ ಬೇರೇ ಆ ಮಾತಿನಲ್ಲಿದೆ ಅಂದುಕೊಂಡಿದ್ದೇನೆ. ಆದರೂ ಹಳದಿ ಚೀಟಿಯ ಹೆಂಗಸು ಬ್ಯಾಡಗಿಯ ಹೆಂಗಸಿನ ಜಾಗದಲ್ಲಿ ಕೂತದ್ದು ನನ್ನ ಟೇಬಲ್ಲಿನ ಮೇಲೇ.

ನಮ್ಮ ಕಡೆಯ ದಾರಿಯನ್ನು ನನಗೆ ಬಿಡಿಸಿ ಹೇಳಿದ್ದು ಆಯಿಯ ಸೀರೆ. ಆಯಿ ಅಂದರೆ ಅವ್ವನ ಅವ್ವ. ಧಾರವಾಡದ ಹತ್ತಿರದ ಒಂದು ಹಳ್ಳಿಯಿಂದ ಬೆಟಗೇರಿಗೆ ಲಗ್ನವಾಗಿ ಬಂದವಳು. ಆಗ ನಮ್ಮಲ್ಲಿ ಮದುಮಗಳಿಗೆ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿ ಕೊಡುತ್ತಿದ್ದರು. ಕಸೂತಿಗೆ ಪೆನ್ಸಿಲ್ಲಿನ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಚುಚ್ಚಬೇಕು. ಗಾವಂತಿ, ಮುರಿಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗಾವಂತಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಗಂಟು ಹಾಕುವಂತಿಲ್ಲ. ಹಾಗಾಗಿ ಮುಂದೆ ಹೇಗೋ ಹಿಂದೆಯೂ ಹಾಗೇ. ನಮ್ಮ ಹೆಂಗಸರು ಇವತ್ತಿಗೂ ಕಸೂತಿ ಸೀರೆ ಕೈಗೆ ಬಂದರೆ ಮೊದಲು ಸೆರಗು ತಿರುವಿ ಹಿಂಬದಿ ನೋಡುತ್ತಾರೆ.

ಗೋಪುರ, ಆನೆ, ನವಿಲು, ತುಳಸಿಕಟ್ಟೆ, ತೊಟ್ಟಿಲು, ಇವು ಎಲ್ಲರ ಸೆರಗಿನಲ್ಲೂ ಇರುವಂಥವೇ. ಆಯಿಯ ಸೆರಗಿನಲ್ಲಿ ಇವೆಲ್ಲದರ ನಡುವೆ ಒಂದು ತೇರು ಇದೆ, ಮಿಕ್ಕಿದ್ದಕ್ಕಿಂತ ದೊಡ್ಡದು. ಚಿಕ್ಕವನಿದ್ದಾಗ ಯಾಕೆ ಇದೊಂದು ಇಷ್ಟು ದೊಡ್ಡದು ಅಂತ ಕೇಳಿದ್ದೆ. ಲಗ್ನ ಆದ ಮೇಲೆ ಮಗಳು ಊರ ಜಾತ್ರೆಗೆ ಬರುತ್ತಾಳೋ ಇಲ್ಲವೋ, ಅತ್ತೆ ಮನೆಯವರು ಕಳಿಸುತ್ತಾರೋ ಇಲ್ಲವೋ. ಅದಕ್ಕೆ ಅವಳವ್ವ ಎಳೆ ಎಣಿಸಿ ತವರೂರ ತೇರನ್ನೇ ಸೆರಗಿಗೆ ಕಟ್ಟಿದ್ದಳು. "ನಿನಗ ಬರಾಕ ಆಗಲಿಲ್ಲಂದ್ರ ಇರಲಿ, ತೇರು ನಿನ್ನ ಜೋಡಿ ಕಳಿಸೇನಿ" ಅಂದಿದ್ದಳಂತೆ. ಇದನ್ನು ಹೇಳುವಾಗ ಆಯಿ ತೇರಿನ ಗಾಲಿಯ ಮೇಲೆ ಬೆರಳಾಡಿಸುತ್ತಿದ್ದಳು. ಆ ಜಾಗದ ದಾರ ಸವೆದು ಬಣ್ಣ ಬಿಟ್ಟಿತ್ತು.

ಆ ತೇರಿನಲ್ಲಿ ಅಳುವ ತಾಯಿ ಇಲ್ಲ, ತಿರುತಿರುಗಿ ನೋಡುವ ಮಗಳಿಲ್ಲ. ಎಳೆ ಎಣಿಸಿದ ಚೌಕ, ಮೂಲೆ, ಗೆರೆ ಅಷ್ಟೇ. ತಾನಾಗಿ ಅದು ಏನೂ ಹೇಳುವುದಿಲ್ಲ. ಆದರೆ ಆಯಿಯ ಕೈಗೆ ಬಂದರೆ ಆಯಿಯಿಂದ ಹೇಳಿಸುತ್ತದೆ, ಅವ್ವನ ಕೈಗೆ ಬಂದರೆ ಅವ್ವನಿಂದ. ಹದಿನಾರು ವರ್ಷ ನಾನು ಕಥೆ ಹೇಳುವ ಚಿತ್ರ ಮಾಡಲು ಹೆಣಗಿದೆ. ನಮ್ಮ ಕಡೆಯ ಹೆಂಗಸರು, ಅಚ್ಚಿನವರು ಮಾಡಿದ್ದು ಕಥೆ ಹೇಳಿಸುವ ಚಿತ್ರ. ಚಿತ್ರವೇ ಎಲ್ಲ ಹೇಳಿಬಿಟ್ಟರೆ ನೋಡಿದವನು ಅಯ್ಯೋ ಅಂದು ಮುಂದೆ ಹೋಗುತ್ತಾನೆ. ಅವನ ಬಾಯಿಂದ ಮಾತು ಹೊರಟರೆ ಆ ಚಿತ್ರ ಅವನದಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ಗುಣ ಅಂದರೆ ತಪ್ಪಾದೀತು. ಅಹಮದಾಬಾದಿನಲ್ಲೇ ಇದಕ್ಕಿಂತ ಆಳವಾದದ್ದು ಕಂಡಿದ್ದೇನೆ. ಮಾತಾ ನೀ ಪಛೇಡಿ ಅಂತ ದೇವಿಯ ಬಟ್ಟೆ. ಗುಡಿಯೊಳಗೆ ಬಿಟ್ಟುಕೊಳ್ಳದ ಕಾಲದಲ್ಲಿ ವಾಘರಿ ಸಮುದಾಯದವರು ಬಟ್ಟೆಯ ಮೇಲೆ ತಮ್ಮ ಗುಡಿಯನ್ನೇ ಬರೆದುಕೊಂಡರು. ನಡುವೆ ದೇವಿ, ಸುತ್ತ ಭಕ್ತರು, ಪ್ರಾಣಿಗಳು, ಕಥೆಗಳು. ಅಂಥ ಬಟ್ಟೆಗಳನ್ನು ಸುತ್ತ ಕಟ್ಟಿದರೆ ಗುಡಿ ಆಯಿತು. ಬೆಲ್ಲದ ಜೊತೆ ತುಕ್ಕು ಹಿಡಿದ ಕಬ್ಬಿಣ ಕೊಳೆಹಾಕಿ ಕರಿ ಮಾಡುತ್ತಾರೆ, ಕೆಂಪು ಹಾಕಿದ ಮೇಲೆ ಹರಿಯುವ ನೀರಿನಲ್ಲಿ, ಸಾಬರಮತಿಯಲ್ಲಿ ತೊಳೆಯುತ್ತಾರೆ. ಮೊದಲ ಸಲ ಒಂದು ಪಛೇಡಿಯ ಮುಂದೆ ನಿಂತಾಗ ನನಗೆ ಅಪ್ಪನ "ಕಣ್ಣ ಬಿಡಸೋ ದಿನ" ನೆನಪಾಯಿತು. ಅವಮಾನದ ಕಥೆಯನ್ನು ಅವರು ಅಲ್ಲಿ ಬರೆದಿಲ್ಲ. ದೇವಿ ನಗುತ್ತ ಕೂತಿದ್ದಾಳೆ. ಗುಡಿಯ ಬಾಗಿಲು ಮುಚ್ಚಿದ್ದರು ಅನ್ನುವುದು ಗೊತ್ತಾದಾಗ ಆ ನಗು ಎದೆಗೆ ನಾಟುತ್ತದೆ.

ಅಮುಲ್ ಹುಡುಗಿಯ ಫಲಕಗಳೂ ನನ್ನ ಲೆಕ್ಕದಲ್ಲಿ ಇದೇ ಜಾತಿಯವು. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಮತ್ತು ಯೂಸ್ಟೇಸ್ ಫರ್ನಾಂಡಿಸ್ ಕೈಯಲ್ಲಿ ಹುಟ್ಟಿದ ಆ ಪುಟ್ಟ ಹುಡುಗಿ ಬೆಣ್ಣೆಯ ಗುಣ ಹೇಳುವುದು ಕಡಿಮೆ. ವಾರದ ಸುದ್ದಿಯ ಮೇಲೆ ಒಂದು ಮಾತು ಎಸೆದು ಸುಮ್ಮನಾಗುತ್ತಾಳೆ, ಸುದ್ದಿಯನ್ನು ನಾವೇ ತುಂಬಿಕೊಳ್ಳಬೇಕು. ಅರ್ಧ ಅವಳದು, ಅರ್ಧ ನಮ್ಮದು.

ಒಂದು ವಿಷಯದಲ್ಲಿ ಮಾತ್ರ ಅಹಮದಾಬಾದಿನ ದಾರಿ ನಮ್ಮದಕ್ಕಿಂತ ಮೇಲು, ಇದನ್ನು ಮನಸ್ಸಿನಿಂದ ಹೇಳುತ್ತೇನೆ. ಇಲ್ಲಿ ಪಛೇಡಿ ಬರೆಯುವ ಮನೆಗಳ ಹೆಸರು ಜನಕ್ಕೆ ಗೊತ್ತು. ವಿದ್ಯಾರ್ಥಿಗಳು ಅವರ ಮನೆಯಲ್ಲಿ ಕೂತು ಕಲಿಯುತ್ತಾರೆ, ಬರೆದಿಡುತ್ತಾರೆ. ಗದಗಿನ ಕ್ಯಾಲೆಂಡರಿನ ಮೇಲೆ ಅಂಗಡಿಯ ಹೆಸರು ಇರುತ್ತಿತ್ತು, ಪ್ರೆಸ್ಸಿನ ಹೆಸರು ಸಣ್ಣದಾಗಿ ಇರುತ್ತಿತ್ತು, ಕಣ್ಣು ಬಿಡಿಸಿದವನ ಹೆಸರು ಎಲ್ಲೂ ಇಲ್ಲ. ತೇರು ಹೊಲಿದ ನನ್ನ ಮುತ್ತಜ್ಜಿಯ ಕೈಯ ಇನ್ನೊಂದು ಕೆಲಸ ಎಲ್ಲಿದೆ ಅಂತ ಯಾರಿಗೂ ತಿಳಿಯದು. ಗದಗಿನಿಂದ ಹನ್ನೆರಡು ಕಿಲೋಮೀಟರಿನ ಒಳಗೆ ಲಕ್ಕುಂಡಿ ಇದೆ. ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚುಕೂಟ ಬರುವುದಕ್ಕೆ ನೂರಾರು ವರ್ಷ ಮೊದಲು, ಸಾವಿರ ವರ್ಷದ ಹಿಂದೆ, ಓಲೆಗರಿಯ ಮೇಲೆ. ಮುದ್ರಣ ಕಾಶಿಯವನಾದ ನನಗೆ ಅವಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಷ್ಟು ಪ್ರತಿ ಬರೆದ ಕೈಗಳು ಯಾರವು? ಆಗಿನಿಂದ ನಾವು ಮಾಡಿಸಿದವರನ್ನು ನೆನೆಯುತ್ತೇವೆ, ಮಾಡಿದವರನ್ನು ಮರೆಯುತ್ತೇವೆ. ಇದನ್ನು ತಿದ್ದಿಕೊಳ್ಳಬೇಕು. 2025ರ ಗಣರಾಜ್ಯೋತ್ಸವಕ್ಕೆ ದೆಹಲಿಯಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಲಕ್ಕುಂಡಿಯ ಶಿಲ್ಪವೇ ಹೋದಾಗ ಅಹಮದಾಬಾದಿನ ಮನೆಯಲ್ಲಿ ಟೀವಿ ಮುಂದೆ ನಾವೆಲ್ಲ ಎದ್ದು ನಿಂತಿದ್ದೆವು. ನನ್ನ ಮಗಳು "ಇದು ಅಜ್ಜನ ಊರಿನ ಪಕ್ಕದ್ದಾ?" ಅಂತ ಕೇಳಿದಳು. ಹೌದು ಅಂದೆ, ಗಂಟಲು ಕಟ್ಟಿತ್ತು.

ಇನ್ನು ಹುಬ್ಬಳ್ಳಿಯ ಮಾತು. ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಅದಕ್ಕೆ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿ.ಐ.ಎಸ್.ನ ಮಾನ್ಯತೆ ಇದೆ. ಧಾರವಾಡ ತಾಲೂಕಿನ ಗರಗದಲ್ಲಿ ಧ್ವಜದ ಬಟ್ಟೆ ನೇಯುವ ಪರಂಪರೆ ಇದೆ. ಇಡೀ ದೇಶದ ಎದೆ ತಟ್ಟುವ ಚಿತ್ರ ಅದು. ಅದರಲ್ಲಿ ಭಾವನೆ ಅಂತ ಬಿಡಿಸಿದ ಒಂದು ಗೆರೆಯೂ ಇಲ್ಲ. ಮೂರಕ್ಕೆ ಎರಡರ ಅಳತೆ, 24 ಗೆರೆಯ ಚಕ್ರ, ಒಂಬತ್ತು ನಿಗದಿ ಗಾತ್ರ, ಎಳೆಯ ಲೆಕ್ಕ. ಚಕ್ರವನ್ನು ಎರಡೂ ಬದಿಗೆ ಅಚ್ಚು ಹಾಕಬೇಕು, ಎರಡೂ ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಬೇಕು. ಇದನ್ನು ತಿಳಿದಾಗ ನನಗೆ ಗಾವಂತಿಯೂ ಅಪ್ಪನ ರಿಜಿಸ್ಟರೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಹಿಂದೆಯೂ ಮುಂದೆಯೂ ಒಂದೇ ಇರಬೇಕು ಅನ್ನುವುದು ನಮ್ಮ ನೆಲದ ಹಟ. ಜನ ಸೆರಗು ತಿರುವಿ ನೋಡುತ್ತಾರೆ ಅಂತ ಗೊತ್ತಿರುವವರು ಮಾತ್ರ ಹೀಗೆ ಮಾಡಬಲ್ಲರು.

ಅದೇ ಹುಬ್ಬಳ್ಳಿಯಲ್ಲಿ ಹಳೇ ಬಸ್ ನಿಲ್ದಾಣದಿಂದ ಇಳಿದು ನಡೆದರೆ ಫ್ಲೆಕ್ಸುಗಳು ಕಣ್ಣಿಗೆ ಹೊಡೆಯುತ್ತವೆ. ಬೀಜದ ಜಾಹೀರಾತಿನಲ್ಲಿ ನಮ್ಮ ಜೋಳದ ರೈತನ ಜಾಗದಲ್ಲಿ ಪಂಜಾಬಿನ ಪಗಡಿಯವ ನಗುತ್ತಿರುತ್ತಾನೆ. ಸೀರೆ ಅಂಗಡಿಯ ಮೇಲೆ ಇಳಕಲ್ಲಿನ ಹೆಸರಿದ್ದರೂ ಸೆರಗಿಗೆ ಅದರ ಗುರುತಾದ ತೆನೆಯ ಚಿತ್ತಾರ ಇಲ್ಲ. ರೊಟ್ಟಿಯ ಖಾನಾವಳಿಗೆ ಉತ್ತರದ ತಂದೂರಿ ರೊಟ್ಟಿಯ ಫೋಟೋ. ಮಾಡುವ ಹುಡುಗರು ಜಾಣರು, ಕೈ ಚುರುಕು, ಹಗಲು ರಾತ್ರಿ ದುಡಿಯುತ್ತಾರೆ. ಒಂದು ತಾಸಿನಲ್ಲಿ ಹತ್ತು ಫ್ಲೆಕ್ಸ್ ಕೊಡಬೇಕಾದವನಿಗೆ ಜೋಳದ ಹೊಲಕ್ಕೆ ಹೋಗಿ ಬಾ ಅನ್ನುವುದು ಹೇಗೆ? ಆದರೂ ನನಗೆ ಸಂಕಟವಾಗುತ್ತದೆ. ಹೊರಗಿರುವವನ ಸಂಕಟ ಸ್ವಲ್ಪ ಹೆಚ್ಚೇ ಇರುತ್ತದೆ, ವರ್ಷಕ್ಕೊಮ್ಮೆ ಬಂದಾಗ ಊರು ಊರಿನಂತೆ ಕಾಣಲಿ ಅನ್ನುವ ಆಸೆ. ಹುಬ್ಬಳ್ಳಿ ಧಾರವಾಡ ಅವಳಿ ನಗರದಲ್ಲಿ ತನ್ನದೇ ಬೇರೆ ದಾರಿಯಲ್ಲಿ ಓಡುವ ಬಿ.ಆರ್.ಟಿ.ಎಸ್. ಬಸ್ಸಿಗೆ "ಚಿಗರಿ" ಅಂತ ಹೆಸರಿಟ್ಟವರಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದ್ದೇನೆ. ರಾಣೆಬೆನ್ನೂರಿನ ಬಯಲಲ್ಲಿ ಚಿಗರಿ ನೆಗೆದದ್ದನ್ನು ಕಂಡವರಿಗೆ ಆ ಒಂದು ಪದ ಸಾಕು. ಬಸ್ಸು ಬಂದಾಗ "ಚಿಗರಿ ಬಂತು" ಅಂತ ಮುದುಕರೂ ಅನ್ನುತ್ತಾರೆ. ಹೆಸರು ಜನರ ಬಾಯಿಗೆ ಹತ್ತಿತು.

ಕಥೆ ಹೇಳಿಸುವುದು ಅಂದರೆ ಏನು ಅಂತ ನೋಡಬೇಕಾದವರನ್ನು ನಾನು ಗೊಟಗೋಡಿಗೆ ಕರೆದೊಯ್ಯುತ್ತೇನೆ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕು, ಪುಣೆ ಬೆಂಗಳೂರು ಹೆದ್ದಾರಿಯ ಬದಿಗೆ. ಚಿತ್ರಕಲಾವಿದರೂ ದೊಡ್ಡಾಟದ ದೊಡ್ಡ ಜೀವವೂ ಆಗಿದ್ದ ಟಿ.ಬಿ. ಸೊಲಬಕ್ಕನವರ ಅಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದರು. 2020ರಲ್ಲಿ ಅವರು ತೀರಿಕೊಂಡರು, ಅವರ ಊರು ಅಲ್ಲೇ ನಿಂತಿದೆ. ಆಳೆತ್ತರದ ಸಿಮೆಂಟಿನ ಜನ, ಎತ್ತು, ಮನೆಗಳು. ಬೀಸುವವರು, ಬಿತ್ತುವವರು, ಕಟ್ಟೆಯ ಮೇಲೆ ಕೂತು ಮಾತಾಡುವವರು. ಅಹಮದಾಬಾದಿನ ನನ್ನ ಜೊತೆಗಾರನೊಬ್ಬನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವನು ಮೊದಲು ಶಿಲ್ಪಗಳನ್ನು ನೋಡಿದ, ಆಮೇಲೆ ಶಿಲ್ಪ ನೋಡುವವರನ್ನೇ ನೋಡುತ್ತ ನಿಂತುಬಿಟ್ಟ. ರುಮಾಲಿನ ಮುದುಕರೊಬ್ಬರು ಮೊಮ್ಮಗಳ ಕೈ ಹಿಡಿದು ಬಿತ್ತನೆಯ ಸಾಲಿನ ಮುಂದೆ ನಿಂತಿದ್ದರು. "ನೋಡವಾ, ಇದು ಕೂರಿಗಿ. ಹಿಂದ ಬೀಜ ಬಿಡಾಕಿ ನಿಮ್ಮಜ್ಜಿ ಇದ್ದಳು. ಕಾಲು ಸುಡ್ತಿದ್ದು, ಚಪ್ಪಲಿ ಹಾಕ್ತಿರಲಿಲ್ಲ. ಯಾಕಂದ್ರ..." ಅಂತ ಶುರು ಮಾಡಿದವರು ಅರ್ಧ ತಾಸು ಬಿಡಲಿಲ್ಲ. ಆ ಶಿಲ್ಪಕ್ಕೆ ಚಪ್ಪಲಿ ಇತ್ತೋ ಇಲ್ಲವೋ ನನಗೆ ನೆನಪಿಲ್ಲ, ಮುದುಕರ ಕಣ್ಣಿಗೆ ಅಲ್ಲಿ ನಿಂತದ್ದು ಅವರ ಹೆಂಡತಿ. ಕನ್ನಡ ಬಾರದ ನನ್ನ ಜೊತೆಗಾರ ಆಮೇಲೆ ಕೇಳಿದ, ಅವರು ಏನು ಹೇಳುತ್ತಿದ್ದರು ಅಂತ. ಹೇಳಿದೆ. ಕಾರಿನಲ್ಲಿ ಹುಬ್ಬಳ್ಳಿ ಬರುವವರೆಗೂ ಅವನು ತನ್ನ ಅಜ್ಜಿಯ ಹತ್ತಿ ಹೊಲದ ಮಾತನ್ನೇ ಆಡಿದ.

ಆ ರಾತ್ರಿ ಬೆಟಗೇರಿಗೆ ಬಂದು ಡಬ್ಬಿಯ ಚಿತ್ರ ಹೊಸದಾಗಿ ಶುರು ಮಾಡಿದೆ. ತಾಯಿ ಇಲ್ಲ, ಹುಡುಗಿ ಇಲ್ಲ, ಬಿಸಿಲಿಲ್ಲ. ಬ್ಯಾಡಗಿಯಿಂದ ತಂದಿದ್ದ ಹಿಡಿ ಕಾಯಿಯನ್ನು ಹಾಸಿಗೆಯ ಮೇಲೆ ಹರವಿ ಒಂದನ್ನು ಆರಿಸಿದೆ. ಅದರ ಸುಕ್ಕು ಒಂದೊಂದಾಗಿ ಎಣಿಸುತ್ತ ಬರೆದೆ. ಎಣಿಸುವಾಗ ಕಸೂತಿಯವರ ಕಣ್ಣು ಯಾಕೆ ಅಷ್ಟು ಹತ್ತಿರ ಬಾಗುತ್ತದೆ ಅಂತ ತಿಳಿಯಿತು. ಪೂರ್ತಿ ಡಬ್ಬಿಯ ಮುಖಕ್ಕೆ ಒಂದೇ ಕಾಯಿ, ಹಿಂದಿನ ಮುಖಕ್ಕೆ ಅದೇ ಕಾಯಿಯ ಆ ಬದಿ. ತೊಟ್ಟು ಬಿಡಿಸಿದ ಜಾಗ ಹಾಗೇ ಬಿಟ್ಟೆ, ಅಲ್ಲಿ ಬೆರಳಿನ ಗುರುತು ಇರುವುದು ಬ್ಯಾಡಗಿಯವರಿಗೆ ಕಂಡರೆ ಸಾಕು. ಪಕ್ಕದ ಬದಿಯಲ್ಲಿ ತೊಟ್ಟು ಬಿಡಿಸಿದವರ ಹೆಸರು ಹಾಕಬೇಕು ಅಂದೆ. ರೈತರು ಮೊದಲು ಬೆರಗಾದರು, ಆಮೇಲೆ ಒಪ್ಪಿದರು. ಹೆಸರು ಬರೆದುಕೊಂಡು ಬರಲು ಮತ್ತೆ ಗೋದಾಮಿಗೆ ಹೋದಾಗ ಆ ಹಿರಿಯಾಕೆ ಹೊಸ ಚಿತ್ರವನ್ನು ದೂರ ಹಿಡಿದು ನೋಡಿ, "ಇದು ಡಬ್ಬಿ ಕಾಯಿ ಅಲ್ಲ, ಕಡ್ಡಿ ಕಾಯಿ. ಮಳಿ ಜಾಸ್ತಿ ಆಗಿದ್ದ ವರ್ಷದ್ದಿರಬೇಕು" ಅಂದರು. ಅಲ್ಲಿಂದ ಆ ವರ್ಷದ ಮಳೆ, ಕೊಳೆತ ಬೆಳೆ, ಅಡವಿಟ್ಟ ಬೋರಮಳ, ಒಂದರ ಹಿಂದೆ ಒಂದು ಬಂದವು. ನಾನು ಮೆಣಸಿನಕಾಯಿಯ ರಾಶಿಯ ಪಕ್ಕ ಕೂತುಬಿಟ್ಟೆ.

ಡಬ್ಬಿ ಅಚ್ಚಾದದ್ದು ಗದಗಿನಲ್ಲೇ. ಮೊದಲ ಪ್ರೂಫ್ ಅಪ್ಪನಿಗೆ ತೋರಿಸಿದೆ. ಅಪ್ಪ ಈಗ ಪ್ರೆಸ್ಸಿಗೆ ಹೋಗುವುದಿಲ್ಲ, ಆದರೆ ಚುಕ್ಕಿ ನೋಡುವ ಸಣ್ಣ ದುರ್ಬೀನು ಇನ್ನೂ ಅಂಗಿಯ ಕಿಸೆಯಲ್ಲಿದೆ. ಕಿಟಕಿಯ ಬೆಳಕಿಗೆ ಹಿಡಿದು, ದುರ್ಬೀನನ್ನು ಹಾಳೆಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಹಾಳೆ ತಿರುವಿ ಹಿಂಬದಿಯನ್ನೂ ನೋಡಿದ.

"ರಿಜಿಸ್ಟರ್ ಚಲೋ ಕುಂತೈತಿ," ಅಂದ. "ಕರಿ ಒಂದಿಷ್ಟು ಕಡಿಮಿ ಮಾಡಸು. ಸುಕ್ಕ ಕಾಣಬೇಕು, ಸುಟ್ಟಂಗ ಕಾಣಬಾರದು."